ನಮ್ಮವರ ಕೈನೀರು

ಚಿಕ್ಕಮಲ್ಲಮ್ಮ ಹೆಣದ ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೊಂದು ಸಲ ಅದುಮಿದಳು. ಕಾಲು ಮಡಚಲಿಲ್ಲ.

“ಗಂಗೂ, ಜಾತ್ರೆ ನೋಡ್ದಂಗೆ ನೋಡ್ತಾ ನಿಂತಿದ್ದೀಯಲ್ಲ. ಬಾರಮ್ಮಿ, ಸೊಂಟ ಇಡ್ಕ” ಎಂದು ಸೊಸೆಯನ್ನು ಗದರಿದಳು.

ಗಂಗಾಂಬಿಕೆ ಬಂದು ಸೊಂಟ ಹಿಡಿದಳು. ಇಬ್ಬರೂ ಸೇರಿ ಎಬ್ಬಿಸಲು ನೋಡಿದರೆ ಶಿವರುದ್ರಮ್ಮ ತಲೆಯಿಂದ ಕಾಲಿನವರೆಗೆ ಹಲಗೆಯಂತೆ ಒಟ್ಟಿಗೇ ಎದ್ದಳು, ಒಟ್ಟಿಗೇ ಬಿದ್ದಳು. ಗುಂಡ್ಲುಪೇಟೆಯ ಪಾದ್ರಿ ಶಾಲೆಯ ಹಿಂದಿನ ಜಗಲಿಯಲ್ಲಿ ಒಂದನೇ ತರಗತಿಯ ಎರಡು ಬೆಂಚು ಕೂಡಿಸಿ ಅವಳನ್ನು ಮಲಗಿಸಿದ್ದರು. ಬೇಸಿಗೆ ರಜೆ ಮುಗಿದು ಸೋಮವಾರ ಶಾಲೆ ತೆರೆಯಬೇಕಿತ್ತು. ಭಾನುವಾರ ಸಂಜೆ ಬಾವಿಯ ಹತ್ತಿರ ಕೂತು ನೀರಿನ ಗುಡಾಣಗಳನ್ನು ತೊಳೆಯುತ್ತಿದ್ದವಳು ಅಲ್ಲೇ ಪಕ್ಕಕ್ಕೆ ಒರಗಿದಳು, ಮತ್ತೆ ಏಳಲಿಲ್ಲ. ಸಿಸ್ಟರುಗಳು ಮೈ ತೊಳೆದು, ಒಗೆದ ಸೀರೆ ಉಡಿಸಿ, ತಮ್ಮವರಿಗೆ ಮಾಡುವಂತೆಯೇ ಕಾಲು ನೀಳವಾಗಿ ಚಾಚಿಸಿ, ಎದೆಯ ಮೇಲೆ ಕೈ ಜೋಡಿಸಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹಂಗಳದಿಂದ ನೆಂಟರು ಬರುವ ಹೊತ್ತಿಗೆ ಹೆಣ ಸೆಟೆದಿತ್ತು.

“ಯಾರು ಇವ್ಳ ಮಲಗಿಸ್ದೋರು?” ಚಿಕ್ಕಮಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಅವಳು ಸತ್ತವಳ ಅಣ್ಣನ ಹೆಂಡತಿ.

“ಸತ್ತವರನ್ನು ಮಲಗಿಸದೆ ಇನ್ನೇನು ಮಾಡುತ್ತಾರಮ್ಮ?” ಎಂದರು ಸಿಸ್ಟರುಗಳ ಹಿರಿಯರಾದ ಮದರ್ ಫಿಲೋಮಿನಾ.

“ಕೂರಿಸ್ತೀವಿ! ಉಸ್ರು ಓದ ತಕ್ಷಣ ಗೋಡೆಗೆ ಒರಗ್ಸಿ, ಚಕ್ಕಂಬಕ್ಕಳ ಆಕ್ಸಿ, ಬಟ್ಟೆ ಕಟ್ಟಿ ಕೂರಿಸ್ತೀವಿ. ಕೂತಂಗೇ ಗುಂಡಿಗೆ ಇಳಿಸ್ತೀವಿ. ಲಿಂಗ ಕಟ್ಟೋರು ನಾವು. ಅಷ್ಟೂ ತಿಳೀದಾ ನಿಮ್ಗೆ?”

“ನಮ್ಮ ಜೊತೆ ಹನ್ನೆರಡು ವರ್ಷ ಇದ್ದರು. ಒಂದು ದಿನವೂ ಹೇಳಲಿಲ್ಲ.”

“ನಾನು ಸತ್ತಾಗ ಇಂಗಿಂಗೆ ಕೂರ್ಸಿ ಅಂತ ಯಾರಮ್ಮ ಮೊದ್ಲೇ ಪಾಠ ಯೋಳಿ ಕೊಡ್ತಾರೆ?”

ಬೇವಿನ ಮರದ ಕೆಳಗೆ ಗುದ್ದಲಿ ಊರಿಕೊಂಡು ಕೂತಿದ್ದ ನಿಂಗಯ್ಯ ಎದ್ದು ನಿಂತ. ಪೇಟೆಯಲ್ಲಿ ಯಾರ ಗುಂಡಿಯಾದರೂ ಅವನೇ ತೋಡಬೇಕು. “ಬುದ್ದೀ, ಒತ್ತಾಯ್ತದೆ. ಉದ್ದಕ್ಕೆ ತೋಡ್ಲೋ, ಆಳಕ್ಕೆ ತೋಡ್ಲೋ?”

ಕೇಳಿದ್ದು ವೃಷಭೇಂದ್ರಪ್ಪನನ್ನು. ವೃಷಭೇಂದ್ರಪ್ಪ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಂಗಿ ಸತ್ತ ಸುದ್ದಿ ಬಂದಾಗ ಅವನು ಅತ್ತಿರಲಿಲ್ಲ. ಹನ್ನೆರಡು ವರ್ಷ ಕಿಲಸ್ತರ ಮನೆಯಲ್ಲಿ ಉಂಡವಳ ಹೆಣವನ್ನು ಊರಿಗೆ ತಂದರೆ ಕುಲದವರು ಕೇಳುವ ಪ್ರಶ್ನೆ ಎಷ್ಟು, ಮೂರನೇ ದಿನ ಉಣಬಡಿಸಬೇಕಾದ ಎಲೆ ಎಷ್ಟು ಎಂದು ಬಸ್ಸಿನುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಒಯ್ಯದಿರಲು ಒಂದು ನೆಪ ಬೇಕಿತ್ತು. ಈ ಸೆಟೆದ ಮೊಣಕಾಲು ಅವನಿಗೆ ಹರಕೆ ಇಲ್ಲದೆ ಸಿಕ್ಕಿದ ವರವಾಯಿತು.

“ಅಯ್ನೋರೇ, ನೀವೇ ಯೋಳಿ” ಎಂದು ಪಕ್ಕದಲ್ಲಿ ಕೂತಿದ್ದ ಗುರುಪಾದಸ್ವಾಮಿಗೆ ಮಾತು ದಾಟಿಸಿದ.

ಗುರುಪಾದಸ್ವಾಮಿ ಹಂಗಳದ ಮಠದವನು. ಸತ್ತವರ ತಲೆಯ ಮೇಲೆ ಪಾದ ಇಟ್ಟು ಕಳಿಸಿಕೊಡುವುದು ಅವನ ಕೆಲಸ. ಸಿಸ್ಟರುಗಳು ಕೊಟ್ಟ ಕಾಫಿಯನ್ನು ಮುಟ್ಟುವುದಿಲ್ಲವೆಂದು ಹೇಳಿ, ಬಾಳೆಹಣ್ಣಿಗೆ ದೋಷವಿಲ್ಲವೆಂದು ನಾಲ್ಕನೆಯದನ್ನು ಸುಲಿಯುತ್ತಿದ್ದ. “ಕೂರದ ಹೆಣಕ್ಕೆ ನಾನೆಂಗಪ್ಪ ಪಾದ ಇಡ್ಲಿ? ಶಾಸ್ತ್ರ ಅನ್ನೋದು ಒಂದೈತಲ್ಲ” ಎಂದ.

“ಕೇಳಿದ್ರಾ?” ವೃಷಭೇಂದ್ರಪ್ಪ ಬಾಯಿಗೆ ಎಲೆ ತುರುಕಿದ. “ಶಾಸ್ತ್ರ.”

ಆದರೆ ಹೆಣದ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯ ವಿಷಯಕ್ಕೆ ಶಾಸ್ತ್ರ ಅಡ್ಡ ಬರಲಿಲ್ಲ. ಅವನೇ ಎದ್ದು ಬಂದು, ದಾರ ಬಿಚ್ಚಿ, ಒಳಗಿದ್ದ ಲಿಂಗವನ್ನು ತಂಗಿಯ ಎದೆಯ ಮೇಲೆ ಇಟ್ಟು, ಕರಡಿಗೆಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡ. ಲಿಂಗ ಉರುಳಿ ಬೆಂಚಿನ ಕೆಳಗೆ ಹೋಯಿತು. ಗಂಗಾಂಬಿಕೆ ಬಗ್ಗಿ ಹುಡುಕಿ ತೆಗೆದು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

*

ಎರಡನೇ ಮಹಾಯುದ್ಧ ಮುಗಿಯುವ ವರ್ಷ ಫಾದರ್ ಲೂರ್ದುಸ್ವಾಮಿ ಈ ಶಾಲೆ ತೆರೆದಾಗ ಬಂದ ಮಕ್ಕಳು ಅವರ ಜನದವೇ, ಒಂದು ಕೈಯ ಬೆರಳುಗಳಿಗಿಂತ ತುಸು ಹೆಚ್ಚು. ಪೇಟೆಯ ಹಿರಿಯರು ಬಂದು ಗೋಡೆ ತಟ್ಟಿ ನೋಡಿದರು, ಕರಿಹಲಗೆ ಸವರಿ ನೋಡಿದರು, ಎ ಬಿ ಸಿ ಡಿ ಹೇಳಿಕೊಡುತ್ತಾರೆಂದು ತಲೆದೂಗಿದರು. ಆಮೇಲೆ ಎಲ್ಲರೂ ಒಂದೇ ಮಾತು ಕೇಳಿದರು.

“ಮಧ್ಯಾಹ್ನ ಐಕ್ಳಿಗೆ ನೀರು ಯಾರ ಕೈದು?”

ಕೋಲಾರ ಸೀಮೆಯಿಂದ ಬಂದ ಒಬ್ಬ ಸಿಸ್ಟರು ನೀರು ಕೊಡುತ್ತಾರೆಂದು ಫಾದರ್ ಹೇಳಿದರು. ಹಿರಿಯರು ಮತ್ತೊಂದು ಸಲ ಗೋಡೆ ತಟ್ಟಿ ಮನೆಗೆ ಹೋದರು.

ಆಗ ಫಾದರ್ ಊರೂರು ತಿರುಗಿ, ಎಲ್ಲರೂ ನೀರು ಮುಟ್ಟುವ ಕುಲದ ಒಬ್ಬ ವಿಧವೆಯನ್ನು ಹುಡುಕಿದರು. ಹಂಗಳದಲ್ಲಿ ವೃಷಭೇಂದ್ರಪ್ಪನ ಹಟ್ಟಿಯಲ್ಲಿ ಶಿವರುದ್ರಮ್ಮ ಇದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದು, ಅಣ್ಣನ ದನ, ಅಣ್ಣನ ಸಗಣಿ, ಅತ್ತಿಗೆಯ ಬಾಯಿ ಇಷ್ಟರ ನಡುವೆ ಅವಳ ಪ್ರಾಯ ಕಳೆದಿತ್ತು. ವೃಷಭೇಂದ್ರಪ್ಪ ಎರಡನೇ ಮಾತು ಆಡಲಿಲ್ಲ. “ಮಕ್ಕಳ ಸೇವೆ. ಪುಣ್ಯದ ಕೆಲ್ಸ. ಕರ್ಕೊಂಡೋಗಿ ಸ್ವಾಮಿ” ಎಂದು ಅವಳ ಎರಡು ಸೀರೆಯ ಗಂಟನ್ನು ತಾನೇ ಎತ್ತಿ ಗಾಡಿಗೆ ಹಾಕಿದ. ಊಟದ ಬಾಯಿ ಒಂದು ಕಡಿಮೆಯಾಯಿತೆಂದು ಚಿಕ್ಕಮಲ್ಲಮ್ಮ ಅಂದು ಪಾಯಸ ಮಾಡಿದ್ದನ್ನು ಊರವರು ಬಹಳ ದಿನ ಹೇಳಿಕೊಂಡು ನಕ್ಕರು.

ಮರುವರ್ಷ ಶಾಲೆ ತುಂಬಿತು.

ಶಿವರುದ್ರಮ್ಮ ತಾನೇ ನೀರು ಸೇದಬೇಕು, ತಾನೇ ತುಂಬಬೇಕು, ಬೇರೆ ಯಾರೂ ಗುಡಾಣ ಮುಟ್ಟಬಾರದು. ಮಧ್ಯಾಹ್ನದ ಗಂಟೆ ಹೊಡೆದಾಗ ಮಕ್ಕಳು ಸಾಲು ನಿಂತು ಬೊಗಸೆ ಒಡ್ಡಿದರೆ ಮೇಲಿನಿಂದ ಚೊಂಬಿನಲ್ಲಿ ಹೊಯ್ಯಬೇಕು. ಇಷ್ಟೇ ಅವಳ ಕೆಲಸ. ಅವಳೇನೂ ದೊಡ್ಡ ಮನಸ್ಸಿನವಳಲ್ಲ. ಕೇರಿಯ ಮಕ್ಕಳು ಬಂದರೆ ಚೊಂಬನ್ನು ಇನ್ನೊಂದು ಗೇಣು ಮೇಲೆತ್ತುತ್ತಿದ್ದಳು. ಆಮೇಲೆ ವಯಸ್ಸಾಗಿ ತೋಳು ನೋಯತೊಡಗಿದ ಮೇಲೆ ಎಲ್ಲರಿಗೂ ಒಂದೇ ಎತ್ತರದಿಂದ ಹೊಯ್ದಳು. ಆ ಶಾಲೆಯಲ್ಲಿ ಆದ ಸುಧಾರಣೆ ಅದೊಂದೇ. ಅದನ್ನೂ ಯಾರೂ ಗಮನಿಸಲಿಲ್ಲ.

ವರ್ಷಕ್ಕೊಂದು ದಿನ, ಶಾಲೆ ತೆರೆಯುವ ಬೆಳಿಗ್ಗೆ, ಅವಳಿಗೆ ಇನ್ನೊಂದು ಕೆಲಸವಿತ್ತು. ಗೇಟಿನ ಪಕ್ಕದಲ್ಲಿ ನಿಲ್ಲುವುದು. ಮಕ್ಕಳನ್ನು ಸೇರಿಸಲು ಬರುವವರ ಕಣ್ಣಿಗೆ ಬೀಳುವಂತೆ ಹಣೆ ತುಂಬ ವಿಭೂತಿ, ಸೆರಗಿನ ಮೇಲೆ ಕರಡಿಗೆ. ಮೊದಲು ಅವಳು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕುಪ್ಪಸದ ಒಳಗೆ ಕಟ್ಟಿಕೊಳ್ಳುತ್ತಿದ್ದಳು. ಅದು ದೂರಕ್ಕೆ ಕಾಣುವುದಿಲ್ಲವೆಂದು ಫಾದರ್ ಲೂರ್ದುಸ್ವಾಮಿಯೇ ಪೇಟೆಯ ಅಕ್ಕಸಾಲಿಗನ ಹತ್ತಿರ ಬೆಳ್ಳಿಯ ಕರಡಿಗೆ ಮಾಡಿಸಿಕೊಟ್ಟಿದ್ದರು. “ಹೊರಗೆ ಹಾಕಿಕೊಳ್ಳಿ ರುದ್ರಮ್ಮ, ಇನ್ನೂ ಸ್ವಲ್ಪ ಹೊರಗೆ” ಎಂದು ಸರಿಮಾಡಿಸಿ, ಹಿಂದೆ ಸರಿದು ನೋಡಿ, ಚರ್ಚಿನೊಳಗೆ ಹೋಗುತ್ತಿದ್ದರು.

*

ಆ ಸೋಮವಾರ ಗೇಟಿನ ಪಕ್ಕ ಖಾಲಿ ಇತ್ತು. ನೀಲಗಿರಿ ಕಡೆಯಿಂದ ಬಂದ ಸೋನೆ ಒಂದು ಗಳಿಗೆ ಉದುರಿ ನಿಂತಿತ್ತು. ಎಣ್ಣೆ ಹಚ್ಚಿ ಬಾಚಿದ ತಲೆಗಳು, ಹೊಸ ಸ್ಲೇಟುಗಳು, ಅಳುವ ಒಂದನೇ ತರಗತಿ, ಕೊಡೆ ಮಡಚಿ ನಿಂತ ತಂದೆಯರು, ಅಜ್ಜಂದಿರು. ಅಕ್ಕಿ ಮಂಡಿಯ ಪುಟ್ಟಬಸಪ್ಪ ಮೊಮ್ಮಗಳನ್ನು ಕೈಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ. ಅವನು ಪುರಸಭೆಯ ಮೆಂಬರು. ಅವನು ಒಂದು ಕಡೆ ತಿರುಗಿದರೆ ಪೇಟೆಯ ಅರ್ಧ ತಲೆಗಳು ಅತ್ತಲೇ ತಿರುಗುತ್ತಿದ್ದವು.

“ಬನ್ನಿ, ಬನ್ನಿ” ಎಂದರು ಫಾದರ್. “ಈ ವರ್ಷ ಐದನೇ ತರಗತಿ ಶುರು. ಹೊಸ ಕೋಣೆಗೆ ಮಂಗಳೂರು ಹೆಂಚು ಹಾಕಿಸಿದ್ದೇವೆ. ಇಂಗ್ಲಿಷಿಗೆ ಮೈಸೂರಿನಿಂದ ಹೊಸ ಸಿಸ್ಟರ್ ಬಂದಿದ್ದಾರೆ. ಅಮೆರಿಕದಿಂದ ಹಾಲಿನ ಪುಡಿ ಬರುತ್ತದೆ. ದಿನಾ ಮಕ್ಕಳಿಗೆ ಒಂದೊಂದು ಲೋಟ ಹಾಲು.”

“ಅದ್ಸರಿ ಸ್ವಾಮಿ. ಹಾಲಾಗ್ಲಿ, ನೀರಾಗ್ಲಿ, ಕೈ ಯಾರ್ದು?” ಎಂದ ಪುಟ್ಟಬಸಪ್ಪ. “ರುದ್ರಮ್ಮ ಓಗ್ಬುಟ್ರಂತೆ.”

“ದೇವರ ಪಾದ ಸೇರಿದರು.” ಫಾದರ್ ದನಿ ಎತ್ತರಿಸಿದರು. “ಕೊನೆಯವರೆಗೂ ಅವರ ಆಚಾರ ಅವರು ಬಿಡಲಿಲ್ಲ. ನಾವೂ ಬಿಡಿಸಲಿಲ್ಲ. ಅವರ ಅಣ್ಣನವರೇ ಬಂದಿದ್ದಾರೆ, ಕೇಳಿ.”

ವೃಷಭೇಂದ್ರಪ್ಪ ಎಲೆಯಡಿಕೆ ಉಗಿದು ಬಂದು ಸೇರಿಕೊಂಡ. ಅವನ ಮೊಮ್ಮಗನೂ ಪೇಟೆಯ ನೆಂಟರ ಮನೆಯಲ್ಲಿದ್ದುಕೊಂಡು ಇದೇ ಶಾಲೆಯಲ್ಲಿ ಓದುತ್ತಿದ್ದ. “ನಮ್ಮನೆ ಎಣ್ಮಗ ಕಣಪ್ಪ! ಕೈ ಬಾಯಿ ಅಷ್ಟು ಶುದ್ಧ. ಬುಟ್ಬುಡ್ತೀವಾ? ನಮ್ಮ ಪದ್ಧತೀಲೇ ಎಲ್ಲ ಆಯ್ತದೆ.”

“ಅಂಗನ್ನಿ ಮತ್ತೆ” ಎಂದು ಪುಟ್ಟಬಸಪ್ಪ ಸುತ್ತ ನೋಡಿದ. ತಲೆಗಳು ಆಡಿದವು.

ಹೊಸ ಕೋಣೆಯ ಗೋಡೆಯ ಮರೆಗೆ ಬಂದ ಕೂಡಲೇ ಫಾದರ್, ವೃಷಭೇಂದ್ರಪ್ಪ ಇಬ್ಬರೂ ದನಿ ಇಳಿಸಿದರು.

“ಯಾವಾಗ ಒಯ್ಯುತ್ತೀರಿ?” ಎಂದರು ಫಾದರ್.

“ಒಯ್ಯೋದೆಂಗೆ ಸ್ವಾಮಿ? ನೀವೇ ಮಲಗಿಸ್ಬುಟ್ರಲ್ಲ. ಮಲಗಿದ್ದು ನಿಮ್ಮ ಲೆಕ್ಕ. ನಿಮ್ಮ ಗೋರಿ ಮಾಳದಲ್ಲೇ ಒಂದು ಮೂಲೆ ಕೊಡಿ.”

“ಅಯ್ಯೋ, ಅದು ಮಂತ್ರಿಸಿದ ಮಣ್ಣು. ಜ್ಞಾನಸ್ನಾನ ಆಗಿ ನಮ್ಮ ಜನಕ್ಕೆ ಸೇರದವರನ್ನು ಒಳಗೆ ಇಡುವ ಹಾಗಿಲ್ಲ. ಮೈಸೂರಿನ ಬಿಷಪ್ಪರಿಗೆ ನಾನು ಏನು ಹೇಳಲಿ? ನೀವೇ ಈಗ ನಮ್ಮ ಮನೆ ಮಗಳು ಅಂದಿರಿ.”

“ಅದು ಅಲ್ಲಿ ಅಂದದ್ದು.”

“ನಾನೂ ಅಲ್ಲಿ ಅಂದದ್ದೇ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ವರ್ಷದ ಪರಿಚಯದಲ್ಲಿ ಅವರು ಒಬ್ಬರಿಗೊಬ್ಬರು ಸರಿಯಾಗಿ ಅರ್ಥವಾದದ್ದು ಅಂದೇ.

“ಉದ್ದಕ್ಕೋ ಬುದ್ದಿ, ಆಳಕ್ಕೋ?” ಎಂದ ನಿಂಗಯ್ಯ ಹಿಂದೆ ಬಂದು.

“ಇರ‍್ಲಾ ಅತ್ಲಾಗಿ!” ಎಂದ ವೃಷಭೇಂದ್ರಪ್ಪ.

*

ಹೋದ ವರ್ಷ ವೃಷಭೇಂದ್ರಪ್ಪನ ಎರಡನೇ ಮಗ, ಗಂಗಾಂಬಿಕೆಯ ಗಂಡ, ಜ್ವರ ಬಂದು ತೀರಿಕೊಂಡಾಗ ಶಿವರುದ್ರಮ್ಮ ಹಂಗಳಕ್ಕೆ ಹೋಗಿದ್ದಳು. ಚಿಕ್ಕಮಲ್ಲಮ್ಮ ಅವಳನ್ನು ಬಾಗಿಲಲ್ಲೇ ತಡೆದು ಜಗಲಿಯ ಮೇಲೆ ಚಾಪೆ ಹಾಕಿದಳು. ಬಾಯಾರಿದೆ ಎಂದಾಗ ಚೊಂಬು ಕೈಗೆ ಕೊಡಲಿಲ್ಲ. ಬೊಗಸೆ ಒಡ್ಡಿಸಿ ಮೇಲಿನಿಂದ ಹೊಯ್ದಳು.

ಗುಂಡ್ಲುಪೇಟೆಯ ಇಡೀ ಪೇಟೆ ಯಾರ ಕೈನೀರನ್ನು ನಂಬಿ ಮಕ್ಕಳನ್ನು ಕಳಿಸುತ್ತಿತ್ತೋ ಅವಳು ತವರಿನ ಜಗಲಿಯ ಮೇಲೆ ಬೊಗಸೆಯಲ್ಲಿ ನೀರು ಕುಡಿದಳು. ಸೀರೆಯ ನೆರಿಗೆ ಒದ್ದೆಯಾಯಿತು. ಅದನ್ನು ಹಿಂಡುತ್ತಾ, ಪಕ್ಕದಲ್ಲಿ ಮುಸುಕು ಹಾಕಿ ಕೂತಿದ್ದ ಗಂಗಾಂಬಿಕೆಗೆ, “ನಿನ್ನತ್ತೆ ಸರ‍್ಯಾಗಿ ಉಯ್ಯಕ್ಕಿಲ್ಲ ಕಣಮ್ಮಿ. ಅರ್ಧ ನೀರು ಮೊಣಕೈಗೆ ಓಯ್ತು. ನಾನಾಗಿದ್ರೆ ಒಂದು ತೊಟ್ಟೂ ಚೆಲ್ತಿರ‍್ಲಿಲ್ಲ” ಎಂದಳು.

ಗಂಡ ಸತ್ತ ಮೂರನೇ ದಿನ ಗಂಗಾಂಬಿಕೆಗೆ ನಗು ಬಂತು. ಮುಸುಕಿನೊಳಗೆ ಬಾಯಿ ಮುಚ್ಚಿಕೊಂಡಳು.

“ಅತ್ತೆ, ಅಲ್ಲಿ ಚೆನ್ನಾಗಿ ನೋಡ್ಕೊತಾರಾ?”

“ಉಣ್ಣಕ್ಕೆ ಇಕ್ತಾರೆ. ಗದರಾಕಿಲ್ಲ. ಇನ್ನೇನು ಬೇಕು?” ಎಂದಳು. ಹಿಂಡಿದ ನೆರಿಗೆಯನ್ನು ಕೊಡವಿ, “ಒಂದು ಕೇಳ್ದೆ. ಕೊಡ್ನಿಲ್ಲ” ಎಂದಳು.

“ಏನ್ ಕೇಳ್ದೆ?”

“ನನ್ನೂ ನಿಮ್ಮ ಜನಕ್ಕೆ ಸೇರಿಸ್ಕಳಿ ಅಂದೆ.”

ಗಂಗಾಂಬಿಕೆ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

“ದೇವ್ರು ಗೀವ್ರು ಅಂತಲ್ಲ ಕಣಮ್ಮಿ. ನಮ್ಮ ಲಿಂಗ ನಂಗೆ ಸಾಕು. ಅವ್ರ ಗೋರಿ ಮಾಳ ಐತಲ್ಲ, ವರ್ಸಕ್ಕೊಂದು ದಿನ ಸತ್ತೋರ ಅಬ್ಬ ಅಂತ ಮಾಡ್ತಾರೆ. ಒಂದೊಂದು ಗೋರೀ ಮುಂದ್ಲೂ ನಿಂತ್ಕಂಡು ಎಸ್ರು ಕೂಗಿ ಮೊಂಬತ್ತಿ ಅಚ್ತಾರೆ. ದಿಕ್ಕಿಲ್ದೋರ‍್ಗೂ ಅಚ್ತಾರೆ. ಅಚ್ಚೋಳು ನಾನೇ. ಯಾರೋ ಊಟಿ ರಸ್ತೆ ಕೆಲ್ಸಕ್ಕೆ ಬಂದು ಸತ್ತ ಮಲೆಯಾಳದೋನು, ಅವ್ನ ಎಸ್ರೂ ಕೂಗ್ತಾರೆ. ನಾ ಸತ್ರೆ ನನ್ನೆಸ್ರು ಯಾರು ಕೂಗ್ತಾರೆ? ನಿಮ್ಮಾವ ಕೂಗ್ತನಾ?”

“ಪಾದ್ರಿ ಏನಂದ್ರು?”

“ಮೊದ್ಲು ಐಕ್ಳು ಸೇರೋದು ಮುಗೀಲಿ ರುದ್ರಮ್ಮ ಅಂದ್ರು. ಅದು ಮುಗೀತು. ಇನ್ಸ್‌ಪೆಕ್ಟ್ರು ಬಂದೋಗ್ಲಿ ಅಂದ್ರು. ಅವ್ರೂ ಬಂದು ಕೋಳಿ ತಿಂದೋದ್ರು. ಮುಂದ್ಲ ವರ್ಸ ನೋಡನ ಅಂದ್ರು. ಮುಂದ್ಲ ವರ್ಸ್ವೂ ಅಂಗೇ. ಆಮೇಲೆ ಗೊತ್ತಾಯ್ತು. ನಾನು ಅವ್ರೋಳಾದ್ರೆ ನನ್ನ ಕೈನೀರು ಯಾರು ಕುಡ್ದಾರು? ನಾ ಅವ್ರ ನೀರಲ್ಲಿ ಮುಳುಗಿದ್ರೆ ಶಾಲೆ ಮುಳುಗ್ತದೆ.” ಅವಳು ನಕ್ಕಳು. “ಕಾಡ್ನಾಗೆ ಸೋಲಿಗ್ರ ಹಟ್ಟೀಗಂಟ ಓಗಿ ಬನ್ನಿ ಬನ್ನಿ ಅಂತ ಕರೀತಾರೆ. ಬಾಗ್ಲಲ್ಲಿ ನಿಂತೋಳ್ಗೆ, ನೀ ಅಲ್ಲೇ ನಿಂತಿರು ಅಂತಾರೆ.”

ಒಳಗಿನಿಂದ ಚಿಕ್ಕಮಲ್ಲಮ್ಮ ಕೂಗಿದಳು. ಗಂಗಾಂಬಿಕೆ ಎದ್ದು ಹೋದಳು. ಸಂಜೆಯ ಬಸ್ಸಿಗೆ ಶಿವರುದ್ರಮ್ಮ ಹೊರಟಾಗ ಯಾರೂ ರಸ್ತೆಯವರೆಗೆ ಬರಲಿಲ್ಲ.

*

ಹೊತ್ತು ನೆತ್ತಿಗೆ ಬಂದಿತ್ತು. ಮಕ್ಕಳು ಒಳಗೆ ಕೂತಿದ್ದರೂ ಹಿರಿಯರು ಗೇಟಿನಿಂದ ಕದಲಿರಲಿಲ್ಲ. ನೀರಿನ ವಿಷಯ ಇತ್ಯರ್ಥವಾಗದೆ ಹೆಸರು ಬರೆಸುವುದಿಲ್ಲವೆಂದು ಪುಟ್ಟಬಸಪ್ಪ ಕೊಡೆ ಊರಿ ನಿಂತಿದ್ದ. ಉಳಿದವರೂ ಕೊಡೆ ಊರಿದ್ದರು.

“ಸರ್ಕಾರಿ ಶಾಲೆ ಇದ್ದೇ ಅದಲ್ಲ” ಎಂದ ಒಬ್ಬ.

“ಅಲ್ಲಿ ಮೇಷ್ಟ್ರೇ ಬರಾಕಿಲ್ವಲ್ಲಪ್ಪ. ಎಮ್ಮೆ ಒಡ್ಕೊಂಡು ಓಗಿರ‍್ತಾರೆ.”

“ಅಂಗಂತ ಇಲ್ಲಿ ಯಾರ‍್ದೋ ಕೈನೀರು ಕುಡ್ಸಕ್ಕಾದದಾ?”

ಫಾದರ್ ಗೋಡೆಯ ಮರೆಯಿಂದ ಇಣುಕಿ ನೋಡಿ ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡರು. ವೃಷಭೇಂದ್ರಪ್ಪ ಅದನ್ನು ಗಮನಿಸಿದ. ವ್ಯಾಪಾರ ಬಲ್ಲವನು.

“ಸ್ವಾಮಿ, ಒಂದು ಮಾತು. ನಿಮ್ಗೂ ಒಂದು ಕೈ ಬೇಕು. ನಮ್ಮ ಸೊಸೆ ಅವ್ಳೆ. ಇನ್ನೂ ಇಪ್ಪತ್ತೆರಡೋ ಮೂರೋ. ಮೈಯಾಗೆ ಕಸುವು ಅದೆ. ಮೂವತ್ತು ವರ್ಷ ನಿಮ್ಗೆ ಯೋಚ್ನೇನೇ ಇಲ್ಲ.”

ಫಾದರ್ ಕರವಸ್ತ್ರ ಮಡಚಿದರು. “ಅವಳಿಗೆ ಒಪ್ಪಿಗೆಯೇ?”

“ಅವ್ಳನ್ನೇನು ಕೇಳೋದು?” ಎಂದಳು ಚಿಕ್ಕಮಲ್ಲಮ್ಮ. “ಗಂಡನ್ನ ನುಂಗ್ಕೊಂಡೋಳು. ಮನೇಲಿ ಕೂತು ತಿನ್ನೋ ಬದ್ಲು ನಾಕು ಐಕ್ಳಿಗೆ ನೀರು ಉಯ್ಲಿ. ಗಂಗೂ, ಬಾರಮ್ಮಿ ಇಲ್ಲಿ. ಪಾದ್ರಿ ಬುದ್ದಿಗೆ ಅಡ್ಬೀಳು.”

ಗಂಗಾಂಬಿಕೆ ಜಗಲಿಯಿಂದ ಇಳಿದು ಬಂದಳು. ಅಡ್ಡ ಬೀಳಲಿಲ್ಲ.

“ಈ ಹೆಣದ ಕತೆ ಏನ್ ಮಾಡ್ತೀರಿ?” ಎಂದಳು. ಮಾವನ ಎದುರಿಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

“ಅದೇನೋ ಮಾಡ್ತೀವಿ. ರಸ್ತೆ ಆಚೆ ಹಳ್ಳದ ಪಕ್ಕ ಪುರಸಭೆ ಜಾಗ ಅದೆ. ನಿಂಗಯ್ಯ ಮುಚ್ಚಾಕ್ತನೆ. ನಿಂಗ್ಯಾಕೆ?”

“ಸತ್ತ ನಾಯಿ ಆಕೋ ಜಾಗಕ್ಕಾ?”

“ಗಂಗೂ!” ಎಂದಳು ಚಿಕ್ಕಮಲ್ಲಮ್ಮ.

“ನಾ ನಿಲ್ತೀನಿ” ಎಂದಳು ಗಂಗಾಂಬಿಕೆ ಫಾದರ್ ಕಡೆ ತಿರುಗಿ. “ನಂಗೆ ಓಗಕ್ಕೆ ಬ್ಯಾರೆ ಜಾಗ ಇಲ್ಲ, ಅದು ಇವ್ರಿಗೂ ಗೊತ್ತು, ನಿಮ್ಗೂ ಗೊತ್ತಾಯ್ತು. ಆದ್ರೆ ಅತ್ತೆ ಮಣ್ಣಿಗೆ ಓಗೋಗಂಟ ನಾ ಗುಡಾಣ ಮುಟ್ಟಾಕಿಲ್ಲ. ಅದೂ ಆ ನಿಮ್ಮ ಗೋರಿ ಮಾಳದ ಗೋಡೆ ಒಳಗೆ. ಅವ್ರು ಕೇಳಿದ್ದು ಅದು.”

“ನೋಡು ತಾಯಿ, ಜ್ಞಾನಸ್ನಾನ ಇಲ್ಲದೆ…”

“ಕೇಳ್ಳಿಲ್ವಾ ಅವ್ರು? ವರ್ಸ ವರ್ಸ ಕೇಳ್ಳಿಲ್ವಾ?”

ಅವಳ ದನಿ ಗೋಡೆ ದಾಟಿ ಹೋಗಿತ್ತು. ಗೇಟಿನಲ್ಲಿ ಮಾತು ನಿಂತಿತು. ಫಾದರ್ ಅವಳಿಗೆ ಮೆಲ್ಲಗೆ, ಮೆಲ್ಲಗೆ ಎಂದು ಕೈಸನ್ನೆ ಮಾಡಿದರು. ಆದರೆ ಪುಟ್ಟಬಸಪ್ಪ ಆಗಲೇ ಮೂಲೆ ತಿರುಗಿ ಬಂದಿದ್ದ. ಹಿಂದೆ ಹತ್ತು ಹನ್ನೆರಡು ಕೊಡೆಗಳು.

“ಏನ್ ಕೇಳಿದ್ರು ರುದ್ರಮ್ಮ?”

ಮದರ್ ಫಿಲೋಮಿನಾ ನೆಲ ನೋಡಿದರು. ಗುರುಪಾದಸ್ವಾಮಿ ಬಾಳೆಹಣ್ಣಿನ ಸಿಪ್ಪೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ನಿಮ್ಮಲ್ಲಿ ಸೇರ್ಕತೀನಿ ಅಂತ ಕೇಳಿದ್ರು” ಎಂದಳು ಗಂಗಾಂಬಿಕೆ. “ಇವ್ರು ಬ್ಯಾಡ ಅಂದ್ರು. ನಿಮ್ಗೆ ಎದ್ರಿ ಬ್ಯಾಡ ಅಂದ್ರು. ಈಗ ಇವ್ರಿಗೂ ಬ್ಯಾಡ, ನಮ್ಮ ಮಾವಂಗೂ ಬ್ಯಾಡ.”

ಫಾದರ್ ಕಣ್ಣು ಮುಚ್ಚಿಕೊಂಡರು. ಹನ್ನೆರಡು ವರ್ಷ ಅವರು ಹೆದರಿದ ಮಾತು ಬಯಲಿಗೆ ಬಿದ್ದಿತ್ತು. ಕಣ್ಣು ಬಿಟ್ಟಾಗ ಗೇಟು ಖಾಲಿಯಾಗಿರುತ್ತದೆಂದು ಅವರು ಎಣಿಸಿದ್ದರು.

ಪುಟ್ಟಬಸಪ್ಪ ಕೊಡೆಯ ತುದಿಯಿಂದ ನೆಲ ಕೆದಕಿದ. ಗಂಗಾಂಬಿಕೆಯ ಹಣೆ ನೋಡಿದ, ಕೊರಳು ನೋಡಿದ. “ಈ ಎಣ್ಮಗ ಯಾರು? ನಿಮ್ಮೋಳಾ, ವೃಷಭೇಂದ್ರಪ್ಪ?”

“ನಮ್ಮ ಸೊಸೆ. ಬೇಗೂರು ಕಡೆ ಒಳ್ಳೆ ಮನೆತನದೋಳು.”

“ಇನ್ಮೇಲೆ ಈಕೇನಾ ಇಲ್ಲಿ?”

“ಈಕೇನೇ.”

“ಮತ್ತೆ ಇನ್ನೇನ್ರಪ್ಪ?” ಪುಟ್ಟಬಸಪ್ಪ ಹಿಂದೆ ತಿರುಗಿ ನೋಡಿದ. ತಲೆಗಳು ಆಡಿದವು. “ಸತ್ತೋರ‍್ನ ಎಲ್ಲಿ ಊಳಿದ್ರೆ ನಮ್ಗೇನು ಸ್ವಾಮಿ? ಸತ್ತ ಕೈ ನೀರು ಉಯ್ದದಾ? ಬ್ಯಾಗ ಮುಗಿಸ್ಬುಡಿ. ಐಕ್ಳು ಬಾಯಾರ್ಕಂಡವೆ.”

ಬಿಷಪ್ಪರ ಮಾತನ್ನು ಫಾದರ್ ಮತ್ತೆ ಎತ್ತಲಿಲ್ಲ. ಮಂತ್ರಿಸಿದ ಮಣ್ಣಿನ ಕಟ್ಟಳೆಯನ್ನು ಅವರು ಎಲ್ಲಿ ಓದಿದ್ದರೋ, ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಮನಸ್ಸಿನಲ್ಲಿ ಬಯಸಿದವರಿಗೂ ದೇವರು ಬಾಗಿಲು ತೆಗೆಯುತ್ತಾನೆ ಎಂದಿದ್ದದ್ದು ಆಗ ಅವರಿಗೆ ನೆನಪಾಯಿತು. ಹಾಗೆಂದು ಮದರಿಗೆ ಹೇಳಿದರು. ಮದರ್, “ಈಗ ನೆನಪಾಯಿತೇ ಫಾದರ್?” ಎಂದಷ್ಟೇ ಕೇಳಿ ಚಾಪೆ ತರಲು ಹೋದರು.

“ನಿಂಗಯ್ಯ, ಉದ್ದಕ್ಕೆ ತೋಡು” ಎಂದಳು ಗಂಗಾಂಬಿಕೆ.

*

ಚರ್ಚಿನ ಗಂಟೆ ಹೊಡೆಯಲಿಲ್ಲ. ಫಾದರ್ ಮೇಲಂಗಿ ಹಾಕಿಕೊಳ್ಳಲಿಲ್ಲ. ತೋಟ ನೋಡಲು ಬಂದವರಂತೆ ಬಂದು, ತುಟಿ ಅಲ್ಲಾಡಿದ್ದು ಕಾಣದಂತೆ ತಲೆ ಬಗ್ಗಿಸಿ ನಾಲ್ಕು ಮಾತು ಹೇಳಿ ಮುಗಿಸಿದರು. ಹಂಗಳದವರು ಗೋರಿ ಮಾಳದ ಗೋಡೆಯ ಆಚೆ ನಿಂತಿದ್ದರು. ಗುರುಪಾದಸ್ವಾಮಿ ಗೋಡೆಯ ಮೇಲಿನಿಂದ ಒಂದು ಹಿಡಿ ವಿಭೂತಿ ಎಸೆದ. ಅದು ಅರ್ಧ ದಾರಿಯಲ್ಲಿ ಗಾಳಿಗೆ ಸಿಕ್ಕಿ ನಿಂಗಯ್ಯನ ತಲೆಯ ಮೇಲೆ ಬಿತ್ತು.

ಗಂಗಾಂಬಿಕೆ ಗುಂಡಿಯ ಅಂಚಿನಲ್ಲಿ ಬಗ್ಗಿ, ಸೆರಗಿನ ಗಂಟು ಬಿಚ್ಚಿ, ಲಿಂಗವನ್ನು ಶಿವರುದ್ರಮ್ಮನ ಎಡ ಅಂಗೈಗೆ ಸೇರಿಸಿದಳು. ಬೆರಳು ಮುಚ್ಚಲಿಲ್ಲ. ಹೆಣಕ್ಕೆ ಸುತ್ತಿದ ಚಾಪೆಯ ನಾರು ಎಳೆದು ಕಟ್ಟಿ, ನಿಂಗಯ್ಯನ ಜೊತೆ ಸೇರಿ ಗುಂಡಿಗೆ ಇಳಿಸಿದಳು.

“ಮಣ್ಣು ಎಳೀರಪ್ಪ ಯಾರಾದ್ರೂ” ಎಂದ ನಿಂಗಯ್ಯ. ನಂಟಸ್ತರ ಕೈಯಿಂದ ಮೊದಲ ಮಣ್ಣು ಬೀಳಬೇಕೆಂದು ಅವನು ಗುದ್ದಲಿ ಎತ್ತದೆ ನಿಂತಿದ್ದ.

ವೃಷಭೇಂದ್ರಪ್ಪ ಗೋಡೆಯ ಆಚೆಯಿಂದ ಕದಲಲಿಲ್ಲ. ಅವನಿಗೆ ಒಳಗೆ ಬರಲು ಶಾಸ್ತ್ರವಿರಲಿಲ್ಲ.

ಗಂಗಾಂಬಿಕೆ ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ತಳ್ಳಿದಳು. ಬೆಳಗಿನ ಸೋನೆಗೆ ನೆನೆದ ಕೆಮ್ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಒಂದು ಸಲ, ಎರಡು ಸಲ ಎಂದು ಅವಳು ನಿಲ್ಲಿಸಲಿಲ್ಲ. ನಿಂಗಯ್ಯ ಒಂದು ಕಡೆಯಿಂದ, ಅವಳು ಇನ್ನೊಂದು ಕಡೆಯಿಂದ ಗುಂಡಿ ಮುಚ್ಚಿದರು. ಗುಡ್ಡೆ ಎದ್ದ ಮೇಲೆ ಅದನ್ನು ಅಂಗೈಯಲ್ಲಿ ತಟ್ಟಿ ಸರಿಮಾಡಿ, “ಶಿವರುದ್ರಮ್ಮ” ಎಂದಳು, ಹಾಜರಿ ಕೂಗುವಷ್ಟು ಗಟ್ಟಿಯಾಗಿ. ಫಾದರ್ ಬೆಚ್ಚಿ ಶಾಲೆಯ ಕಡೆ ನೋಡಿದರು.

“ಆಯ್ತಲ್ಲ, ಬಾ” ಎಂದಳು ಚಿಕ್ಕಮಲ್ಲಮ್ಮ ಗೋಡೆಯ ಆಚೆಯಿಂದ. “ಮೈಲಿಗೆ ಮೈ. ತಲೆ ಮೇಲೆ ನೀರು ಉಯ್ಕೊಂಡು, ಬ್ಯಾರೆ ಸೀರೆ ಉಟ್ಕೊಂಡು ಆಮೇಲೆ ಗುಡಾಣ ಮುಟ್ಟು.”

ಆಗ, ಅಲ್ಲಿಯವರೆಗೆ ತಡೆದಿಟ್ಟಿದ್ದ ಶಾಲೆಯ ಮಧ್ಯಾಹ್ನದ ಗಂಟೆ ಹೊಡೆಯಿತು. ಬೆಳಗಿನಿಂದ ಒಂದು ತೊಟ್ಟು ನೀರಿಲ್ಲದೆ ಕೂತಿದ್ದ ಮಕ್ಕಳು ಬಾಗಿಲು ಒಡೆದುಕೊಂಡು ಬರುವಂತೆ ಬಂದು ಸಾಲು ನಿಂತವು. ಹಿರಿಯರು ಹೊಸ ಕೈಯನ್ನು ನೋಡಲು ಸಾಲಿನ ಪಕ್ಕಕ್ಕೆ ಬಂದು ನಿಂತರು.

ಗಂಗಾಂಬಿಕೆ ಗೋರಿ ಮಾಳದಿಂದ ನೆಟ್ಟಗೆ ನಡೆದು ಬಂದಳು. ಮೊಣಕೈವರೆಗೆ ಕೆಮ್ಮಣ್ಣು ಮೆತ್ತಿತ್ತು. ಉಗುರಿನ ಸಂದಿ ತುಂಬಿತ್ತು. ಸೀರೆಯ ಮಂಡಿಯ ಹತ್ತಿರ ಎರಡು ದುಂಡನೆಯ ಒದ್ದೆ ಗುರುತು. ಬಾವಿಯ ಹತ್ತಿರ ಬಂದವಳು ಕೈ ತೊಳೆಯಲಿಲ್ಲ. ಗುಡಾಣದ ಮುಚ್ಚಳ ತೆಗೆದು, ನೀರು ಸೇದಿ ತುಂಬಿ, ಚೊಂಬು ಅದ್ದಿ, ಮೊಣಕೈ ಮುಳುಗುವವರೆಗೆ ಅದ್ದಿ, ತುಂಬಿಕೊಂಡು ತಿರುಗಿದಳು.

ಎಲ್ಲರೂ ನೋಡಿದರು. ಯಾರೂ ನೋಡಲಿಲ್ಲ.

ಮೊದಲು ನಿಂತಿದ್ದವಳು ಪುಟ್ಟಬಸಪ್ಪನ ಮೊಮ್ಮಗಳು. ಅವಳು ಬೊಗಸೆ ಒಡ್ಡಿದಳು. ನೀರು ಕೆಂಪಾಗಿ ಎಳೆ ಎಳೆಯಾಗಿ ಇಳಿಯಿತು. ಒಂದು ತೊಟ್ಟೂ ಹೊರಗೆ ಚೆಲ್ಲಲಿಲ್ಲ. ಹುಡುಗಿ ಬೊಗಸೆಗೆ ಬಾಯಿ ಹಚ್ಚಿ ಗಟಗಟನೆ ಕುಡಿದು, ತುಟಿಯ ಮೇಲಿನ ಮಣ್ಣನ್ನು ನಾಲಿಗೆಯಲ್ಲಿ ನೆಕ್ಕಿ, ಮತ್ತೆ ಕೈ ಒಡ್ಡಿದಳು.

ಪುಟ್ಟಬಸಪ್ಪ ಕೊಡೆ ಬಿಚ್ಚಿದ. ಮಳೆ ಇರಲಿಲ್ಲ. ಕೊಡೆಯನ್ನು ಮುಖಕ್ಕೆ ಮರೆಯಾಗಿ ಓರೆ ಹಿಡಿದು, ಯಾವ ಬಸ್ಸೂ ಬರದಿದ್ದ ಊಟಿ ರಸ್ತೆಯನ್ನು ನೋಡುತ್ತಾ ನಿಂತ. ಅವನ ಹಿಂದೆ ಒಂದೊಂದಾಗಿ ಕೊಡೆಗಳು ಬಿಚ್ಚಿಕೊಂಡವು.